ತೌಲನಿಕ ಅಂಗರಚನೆ ಮತ್ತು ಜೀವವಿಕಾಸ

ಬೇರೆ ಬೇರೆ ಜೀವಿಗಳ ದೇಹದ ಭಾಗಗಳನ್ನು ಅಕ್ಕಪಕ್ಕದಲ್ಲಿಟ್ಟು, ಅವುಗಳ ಆಕಾರ, ಸ್ಥಾನ, ಪರಸ್ಪರ ಜೋಡಣೆ ಹಾಗೂ ಬೆಳವಣಿಗೆಯ ಕ್ರಮವನ್ನು ಹೋಲಿಸಿ ನೋಡುವ ಜೀವವಿಜ್ಞಾನದ ಶಾಖೆಗೆ ತೌಲನಿಕ ಅಂಗರಚನಾಶಾಸ್ತ್ರವೆಂದು ಹೆಸರು. ಇಂದಿನ ಜೀವಿಗಳು ಹಿಂದಿನ ಜೀವಿಗಳಿಂದ ಕಾಲಕ್ರಮದಲ್ಲಿ ಮಾರ್ಪಟ್ಟು ಬಂದವು ಎಂಬ ವಿಕಾಸವಾದಕ್ಕೆ ಬೆಂಬಲವಾಗಿ ನಿಂತ ಮೊದಲ ಆಧಾರಗಳಲ್ಲಿ ಇದೂ ಒಂದು. ಆದರೆ ಎರಡು ಜೀವಿಗಳು ಪರಸ್ಪರ ಹೋಲುತ್ತವೆ ಎಂದ ಮಾತ್ರಕ್ಕೆ ಅವು ಒಂದೇ ಮೂಲದವೆಂದು ಹೇಳಲು ಬರುವುದಿಲ್ಲ. ಒಂದೇ ಕೆಲಸಕ್ಕೆ ಒದಗುವ ಅಂಗಗಳು ಮೂಲ ಬೇರೆಯಾದರೂ ಒಂದೇ ತೆರನಾಗಿ ಕಾಣುವುದುಂಟು. ಕೆಲಸದ ಅಗತ್ಯದಿಂದ ವಿವರಿಸಲಾಗದ ಹೋಲಿಕೆ, ಅಂದರೆ ಕೆಲಸ ಬೇರೆಯಾದ ಮೇಲೂ ಅಥವಾ ಕೆಲಸವೇ ಇಲ್ಲವಾದ ಮೇಲೂ ಉಳಿದುಬಂದ ಹೋಲಿಕೆ, ವಂಶಸಂಬಂಧದ ಸಾಕ್ಷಿಯೆನಿಸುತ್ತದೆ. ತೌಲನಿಕ ಅಂಗರಚನೆಯ ಚರಿತ್ರೆಯನ್ನು ಈ ಎರಡು ಬಗೆಯ ಹೋಲಿಕೆಗಳನ್ನು ಬೇರ್ಪಡಿಸುವ ವಿಧಾನವು ಬೆಳೆದುಬಂದ ಚರಿತ್ರೆಯೆಂದೇ ನೋಡಬಹುದು.

ಇತಿಹಾಸ

ಪ್ರಾಣಿಗಳ ಅಂಗಗಳನ್ನು ಹೋಲಿಸಿ ವರ್ಗೀಕರಿಸುವ ಪ್ರಯತ್ನ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಬರಹಗಳಲ್ಲಿಯೇ ಇದೆ. ಫ್ರಾನ್ಸಿನ ಪಿಯರ್ ಬೆಲೋನ್ 1555ರಲ್ಲಿ ಪ್ರಕಟಿಸಿದ ಪಕ್ಷಿಗಳ ಕುರಿತ ಗ್ರಂಥದಲ್ಲಿ ಮನುಷ್ಯನ ಅಸ್ಥಿಪಂಜರವನ್ನೂ ಹಕ್ಕಿಯ ಅಸ್ಥಿಪಂಜರವನ್ನೂ ಎದುರುಬದುರಾಗಿ ಚಿತ್ರಿಸಿ, ಒಂದಕ್ಕೊಂದು ಸರಿಹೊಂದುವ ಮೂಳೆಗಳಿಗೆ ಒಂದೇ ಅಕ್ಷರದ ಗುರುತು ಹಾಕಿದ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಟೈಸನ್ ಒಂದು ಚಿಂಪಾಂಜಿಯ ದೇಹವನ್ನು ಛೇದಿಸಿ, ಅದು ಅನೇಕ ಅಂಶಗಳಲ್ಲಿ ಕೋತಿಗಿಂತ ಮನುಷ್ಯನಿಗೇ ಹತ್ತಿರವಾಗಿದೆಯೆಂದು 1699ರಲ್ಲಿ ದಾಖಲಿಸಿದ. ಇವರಾರೂ ಆ ಹೋಲಿಕೆಗಳನ್ನು ರಕ್ತಸಂಬಂಧದ ಗುರುತುಗಳೆಂದು ಭಾವಿಸಿರಲಿಲ್ಲ.

ಈ ಅಧ್ಯಯನಕ್ಕೆ ಶಾಸ್ತ್ರದ ರೂಪ ಬಂದುದು 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದ ಆರಂಭದಲ್ಲಿ, ಪ್ಯಾರಿಸಿನ ಪ್ರಾಕೃತಿಕ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿದ್ದ ಜಾರ್ಜ್ ಕುವಿಯೆ (1769–1832), ದೇಹದ ಅಂಗಗಳೆಲ್ಲ ಪರಸ್ಪರ ಹೊಂದಿಕೊಂಡು ಕೆಲಸ ಮಾಡುವುದರಿಂದ ಒಂದು ಅಂಗವನ್ನು ನೋಡಿ ಉಳಿದವು ಹೇಗಿರಬೇಕೆಂದು ಊಹಿಸಬಹುದೆಂದು ತೋರಿಸಿ, ಪಳೆಯುಳಿಕೆಗಳ ಅಧ್ಯಯನಕ್ಕೆ ಭದ್ರ ಬುನಾದಿ ಹಾಕಿದ. ಅವನ ದೃಷ್ಟಿಯಲ್ಲಿ ರಚನೆಯನ್ನು ನಿರ್ಧರಿಸುವುದು ಕಾರ್ಯ. ಪ್ರಾಣಿಲೋಕದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ರಚನಾಕ್ರಮಗಳಿವೆಯೆಂಬುದು ಅವನ ವಾದ. ಅವನ ಸಹೋದ್ಯೋಗಿ ಎಟಿಯೆನ್ ಜೋಫ್ರುವಾ ಸಾಂತ್-ಇಲೇರ್ ಇದಕ್ಕೆ ವಿರುದ್ಧವಾಗಿ, ಎಲ್ಲ ಪ್ರಾಣಿಗಳಲ್ಲೂ ಒಂದೇ ಮೂಲರಚನೆಯಿದೆ ಎಂದೂ, ಅಂಗದ ಆಕಾರ ಮತ್ತು ಕೆಲಸ ಬದಲಾದರೂ ನೆರೆಯ ಅಂಗಗಳೊಡನೆ ಅದಕ್ಕಿರುವ ಜೋಡಣೆ ಬದಲಾಗುವುದಿಲ್ಲವೆಂದೂ ಪ್ರತಿಪಾದಿಸಿದ. 1830ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯಲ್ಲಿ ಇವರಿಬ್ಬರ ನಡುವೆ ನಡೆದ ವಾಗ್ವಾದ ಯುರೋಪಿನಾದ್ಯಂತ ಕುತೂಹಲ ಕೆರಳಿಸಿತು. ವಾದದಲ್ಲಿ ಕುವಿಯೆಯ ಕೈ ಮೇಲಾಯಿತೆಂಬ ಅಭಿಪ್ರಾಯವಿದ್ದರೂ, ಜೋಡಣೆಯನ್ನು ನೋಡಿ ಅಂಗವನ್ನು ಗುರುತಿಸಬೇಕೆಂಬ ಜೋಫ್ರುವಾನ ಸೂತ್ರ ಇಂದಿಗೂ ಬಳಕೆಯಲ್ಲಿದೆ.

ಇಂಗ್ಲೆಂಡಿನ ರಿಚರ್ಡ್ ಓವೆನ್ 1843ರಲ್ಲಿ ಎರಡು ಬಗೆಯ ಹೋಲಿಕೆಗಳಿಗೂ ಸ್ಪಷ್ಟ ಲಕ್ಷಣ ಕೊಟ್ಟ. ಆಕಾರ ಮತ್ತು ಕೆಲಸ ಎಷ್ಟೇ ಬೇರೆಯಾಗಿದ್ದರೂ ಬೇರೆ ಬೇರೆ ಪ್ರಾಣಿಗಳಲ್ಲಿ ಮೂಲತಃ ಒಂದೇ ಆಗಿರುವ ಅಂಗಗಳನ್ನು ರಚನಾನುರೂಪಿಗಳೆಂದೂ, ಮೂಲ ಬೇರೆಯಾಗಿದ್ದು ಕೆಲಸದಲ್ಲಿ ಮಾತ್ರ ಹೋಲುವ ಅಂಗಗಳನ್ನು ಕಾರ್ಯಾನುರೂಪಿಗಳೆಂದೂ ಇಂದು ಕರೆಯುತ್ತಾರೆ. ಓವೆನ್ ರಚನಾನುರೂಪತೆಯನ್ನು ಎಲ್ಲ ಕಶೇರುಕಗಳಿಗೂ ಆಧಾರವಾದ ಒಂದು ಆದರ್ಶ ಮಾದರಿಯ ಛಾಯೆಯೆಂದು ತಿಳಿದಿದ್ದ. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ‘ಪ್ರಭೇದಗಳ ಉಗಮ’ ಗ್ರಂಥದ ಹದಿಮೂರನೆಯ ಅಧ್ಯಾಯದಲ್ಲಿ ಆ ಆದರ್ಶ ಮಾದರಿಯ ಜಾಗಕ್ಕೆ ಒಮ್ಮೆ ನಿಜವಾಗಿ ಬದುಕಿದ್ದ ಪೂರ್ವಜನನ್ನು ತಂದು ನಿಲ್ಲಿಸಿದ. ಅಂಗರಚನಾಕಾರರು ಕೂಡಿಟ್ಟಿದ್ದ ವಿವರಗಳು ಹಾಗೆಯೇ ಉಳಿದವು. ಅವುಗಳ ಅರ್ಥ ಮಾತ್ರ ಬದಲಾಯಿತು.

ರಚನಾನುರೂಪಿ ಅಂಗಗಳು

ಇವುಗಳಿಗೆ ಸಾಮಾನ್ಯವಾಗಿ ಕೊಡುವ ಉದಾಹರಣೆ ನಾಲ್ಕು ಕಾಲಿನ ಕಶೇರುಕಗಳ ಮುಂಗಾಲು. ಭುಜದಿಂದ ಮೊಣಕೈಯವರೆಗೆ ಹ್ಯೂಮರಸ್ ಎಂಬ ಒಂದೇ ಮೂಳೆ, ಮುಂಗೈಯಲ್ಲಿ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಮೂಳೆಗಳು, ಅವುಗಳ ಮುಂದೆ ಮಣಿಕಟ್ಟಿನ ಸಣ್ಣ ಮೂಳೆಗಳ ಗುಂಪು, ಅನಂತರ ಅಂಗೈ ಮೂಳೆಗಳು, ಕೊನೆಗೆ ಬೆರಳುಗಳು, ಹೀಗೆ ಒಂದು, ಎರಡು, ಹಲವು ಎಂಬ ಕ್ರಮ ಕಪ್ಪೆ, ಮೊಸಳೆ, ಹಕ್ಕಿ, ತಿಮಿಂಗಿಲ, ಮನುಷ್ಯ ಇವೆಲ್ಲದರಲ್ಲೂ ಕಂಡುಬರುತ್ತದೆ. ಬಾವಲಿಯಲ್ಲಿ ಹೆಬ್ಬೆರಳು ಗಿಡ್ಡದಾಗಿ ಉಗುರಿನೊಡನೆ ಬಿಡಿಯಾಗಿ ಉಳಿದು, ಮಿಕ್ಕ ನಾಲ್ಕು ಬೆರಳುಗಳು ಅತಿಯಾಗಿ ನೀಳವಾಗಿ ಚರ್ಮದ ರೆಕ್ಕೆಗೆ ಆಧಾರವಾಗಿವೆ. ಹಕ್ಕಿಯಲ್ಲಿ ಮೂರೇ ಬೆರಳುಗಳು ಉಳಿದು, ಅಂಗೈ ಮತ್ತು ಮಣಿಕಟ್ಟಿನ ಮೂಳೆಗಳು ಬೆಸೆದುಕೊಂಡಿವೆ. ತಿಮಿಂಗಿಲದ ಈಜುರೆಕ್ಕೆಯೊಳಗೆ ಬೆರಳಿನ ಗೆಣ್ಣುಗಳ ಸಂಖ್ಯೆ ಹೆಚ್ಚಿದೆ. ಆದರೂ ಅವುಗಳ ಹಿಂದೆ ಮಣಿಕಟ್ಟು, ಎರಡು ಮುಂಗೈ ಮೂಳೆ, ಒಂದು ತೋಳಮೂಳೆ ಎಂಬ ಕ್ರಮ ತಪ್ಪಿಲ್ಲ.

ಸಾಕುಪ್ರಾಣಿಗಳಲ್ಲಿ ಈ ಕ್ರಮವನ್ನು ಹತ್ತಿರದಿಂದ ಪರೀಕ್ಷಿಸಬಹುದು. ಕುದುರೆಯ ಮುಂಗಾಲಿನಲ್ಲಿ ಮಂಡಿಯಂತೆ ತೋರುವ ಕೀಲು ರಚನೆಯ ದೃಷ್ಟಿಯಿಂದ ಮಣಿಕಟ್ಟು. ಅದರ ಕೆಳಗಿನ ನೀಳ ಮೂಳೆ ನಡುಬೆರಳಿನ ಅಂಗೈ ಮೂಳೆ. ಗೊರಸು ಆ ಒಂದು ಬೆರಳಿನ ಉಗುರು. ಆ ನೀಳ ಮೂಳೆಯ ಎರಡು ಬದಿಗೂ ಅಂಟಿಕೊಂಡಂತೆ, ಕೆಳಗೆ ಇಳಿಯುತ್ತ ಚೂಪಾಗಿ ಮುಗಿದುಹೋಗುವ ಎರಡು ತೆಳು ಮೂಳೆಗಳಿರುತ್ತವೆ. ಇವು ಎರಡನೆಯ ಮತ್ತು ನಾಲ್ಕನೆಯ ಬೆರಳುಗಳ ಅಂಗೈ ಮೂಳೆಗಳ ಶೇಷ. ದನದ ಕಾಲಿನಲ್ಲಿ ಮೂರನೆಯ ಮತ್ತು ನಾಲ್ಕನೆಯ ಅಂಗೈ ಮೂಳೆಗಳು ಬೆಸೆದು ಒಂದಾಗಿದ್ದು, ಬೆಸುಗೆಯ ಗುರುತಾಗಿ ಮೂಳೆಯ ಉದ್ದಕ್ಕೂ ಒಂದು ಗೀರು ಇರುತ್ತದೆ. ಗೊರಸಿನ ಹಿಂದೆ ಮೇಲ್ಗಡೆ ನೆಲ ಮುಟ್ಟದೆ ನೇತಾಡುವ ಎರಡು ಕಿರುಗೊರಸುಗಳು ಎರಡನೆಯ ಮತ್ತು ಐದನೆಯ ಬೆರಳುಗಳು. ಓಡಲು ಒಂದೋ ಎರಡೋ ಬೆರಳು ಸಾಕಾದ ಪ್ರಾಣಿಗಳಲ್ಲಿ ಉಳಿದ ಬೆರಳುಗಳ ತುಣುಕುಗಳು ಏಕಿವೆ ಎಂಬುದಕ್ಕೆ, ಹೆಚ್ಚು ಬೆರಳುಗಳಿದ್ದ ಪೂರ್ವಜರಿಂದ ಅವು ಬಂದವು ಎಂಬುದಕ್ಕಿಂತ ಸರಳವಾದ ಉತ್ತರವಿಲ್ಲ.

ಕುತ್ತಿಗೆಯ ಮೂಳೆಗಳೂ ಇದನ್ನೇ ಹೇಳುತ್ತವೆ. ಇಲಿಗೂ ಜಿರಾಫೆಗೂ ತಿಮಿಂಗಿಲಕ್ಕೂ ಕುತ್ತಿಗೆಯಲ್ಲಿ ಏಳೇ ಕಶೇರುಮಣಿಗಳು. ಸಸ್ತನಿಗಳಲ್ಲಿ ಈ ನಿಯಮ ಮೀರಿದವು ಸ್ಲಾತ್ ಮತ್ತು ಮ್ಯಾನಟಿ ಎಂಬ ಎರಡು ಬಗೆಯ ಪ್ರಾಣಿಗಳು ಮಾತ್ರ. ಹಕ್ಕಿಗಳಲ್ಲಿ ಕುತ್ತಿಗೆ ನೀಳವಾದಂತೆ ಮಣಿಗಳ ಸಂಖ್ಯೆಯೂ ಹೆಚ್ಚುತ್ತದೆ. ಹಾಗಾಗಿ ಏಳು ಎಂಬ ಸಂಖ್ಯೆ ಕುತ್ತಿಗೆಯ ಕೆಲಸಕ್ಕೆ ಅನಿವಾರ್ಯವಾದದ್ದಲ್ಲ, ಸಸ್ತನಿಗಳ ವಂಶಕ್ಕೆ ಸೇರಿದ್ದು ಎಂದಾಗುತ್ತದೆ.

ಧ್ವನಿಪೆಟ್ಟಿಗೆಗೆ ಹೋಗುವ ಒಂದು ನರದ ದಾರಿ ಇನ್ನೂ ವಿಚಿತ್ರವಾದುದು. ಮಿದುಳಿನಿಂದ ಹೊರಡುವ ವೇಗಸ್ ನರದ ಎಡಗಡೆಯ ಈ ಕವಲು ಪಕ್ಕದಲ್ಲೇ ಇರುವ ಧ್ವನಿಪೆಟ್ಟಿಗೆಗೆ ನೇರವಾಗಿ ಹೋಗದೆ, ಎದೆಗೂಡಿಗೆ ಇಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗನ್ನು ಸುತ್ತಿ, ಮತ್ತೆ ಕುತ್ತಿಗೆಗೆ ಏರುತ್ತದೆ. ಎತ್ತರದ ಜಿರಾಫೆಯಲ್ಲಿ ಈ ಸುತ್ತುದಾರಿ 4 ಮೀಟರಿಗೂ ಮಿಕ್ಕುತ್ತದೆ. ಮೀನಿನಲ್ಲಿ ಇದಕ್ಕೆ ಸಮನಾದ ಕವಲು ಕಿವಿರಿನ ರಕ್ತನಾಳದ ಹಿಂದಿನಿಂದ ನೇರವಾಗಿ ಕಿವಿರಿಗೆ ಹೋಗುತ್ತದೆ. ಕುತ್ತಿಗೆಯಿಲ್ಲದ ಆ ದೇಹದಲ್ಲಿ ಅದೇ ಹತ್ತಿರದ ದಾರಿ. ಮುಂದಿನ ವಂಶಗಳಲ್ಲಿ ಕುತ್ತಿಗೆ ಬೆಳೆದು ಹೃದಯ ಎದೆಗೆ ಸರಿದಾಗ, ರಕ್ತನಾಳದ ಹಿಂದೆ ಸಿಲುಕಿದ ನರವೂ ಅದರೊಂದಿಗೆ ಕೆಳಗೆ ಎಳೆಯಲ್ಪಟ್ಟಿತು.

ಕಿವಿಯ ಮೂಳೆಗಳ ಚರಿತ್ರೆ

ಕೆಲಸ ಪೂರ್ತಿ ಬದಲಾದ ಮೇಲೂ ಅಂಗವನ್ನು ಗುರುತಿಸಬಹುದೆಂಬುದಕ್ಕೆ ಸಸ್ತನಿಗಳ ನಡುಗಿವಿ ದೊಡ್ಡ ನಿದರ್ಶನ. ಸಸ್ತನಿಗಳ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳಿದ್ದರೆ, ಸರೀಸೃಪ ಮತ್ತು ಹಕ್ಕಿಗಳಲ್ಲಿ ರಿಕಾಪಿಗೆ ಸಮನಾದ ಒಂದೇ ಮೂಳೆಯಿದೆ. ಇದಕ್ಕೆ ಪ್ರತಿಯಾಗಿ ಸಸ್ತನಿಗಳ ಕೆಳದವಡೆಯ ಪ್ರತಿ ಬದಿಯೂ ಒಂದೇ ಮೂಳೆಯಿಂದ ಆಗಿದ್ದರೆ, ಸರೀಸೃಪಗಳಲ್ಲಿ ಅದು ಹಲವು ಮೂಳೆಗಳಿಂದ ಆಗಿದ್ದು, ಆರ್ಟಿಕ್ಯುಲರ್ ಮತ್ತು ಕ್ವಾಡ್ರೇಟ್ ಎಂಬ ಎರಡು ಮೂಳೆಗಳು ದವಡೆಯ ಕೀಲನ್ನು ರೂಪಿಸುತ್ತವೆ. ಜರ್ಮನಿಯ ಕಾರ್ಲ್ ರೈಖರ್ಟ್ 1837ರಲ್ಲಿ ಹಂದಿಯ ಭ್ರೂಣಗಳನ್ನು ಪರೀಕ್ಷಿಸಿ, ಸಸ್ತನಿಯ ಸುತ್ತಿಗೆ ಮತ್ತು ಅಡಿಗಲ್ಲು ಮೂಳೆಗಳು ದವಡೆಯ ಕೀಲಿನ ಈ ಎರಡು ಮೂಳೆಗಳಿಗೆ ಸಮನಾದವು ಎಂದು ತೋರಿಸಿದ.

ಆಗ ಇದು ಭ್ರೂಣವನ್ನಷ್ಟೇ ಆಧರಿಸಿದ ತೀರ್ಮಾನವಾಗಿತ್ತು. ಮಧ್ಯಂತರ ಸ್ಥಿತಿಯಲ್ಲಿದ್ದ ಪ್ರಾಣಿ ದವಡೆಯ ಕೀಲು ಕಳಚಿದ ಅವಧಿಯಲ್ಲಿ ಆಹಾರ ಅಗಿಯುವುದಾದರೂ ಹೇಗೆ ಎಂಬ ಆಕ್ಷೇಪಣೆಗೆ ಉತ್ತರ ದೊರೆತದ್ದು ಪಳೆಯುಳಿಕೆಗಳಿಂದ. ಸುಮಾರು 20 ಕೋಟಿ ವರ್ಷಗಳ ಹಿಂದಿನ ಮಾರ್ಗನುಕೊಡಾನ್ ಎಂಬ ಪುಟ್ಟ ಪ್ರಾಣಿಯಲ್ಲಿ ಸರೀಸೃಪದ ಹಳೆಯ ಕೀಲೂ ಸಸ್ತನಿಯ ಹೊಸ ಕೀಲೂ ಪಕ್ಕಪಕ್ಕದಲ್ಲೇ ಇದ್ದವು; ಹೊಸದು ಭಾರ ಹೊತ್ತ ಮೇಲೆ ಹಳೆಯದು ಶಬ್ದ ಸಾಗಿಸುವ ಕೆಲಸಕ್ಕೆ ಬಿಡುವಾಯಿತು. ಹೊಟ್ಟೆಚೀಲದ ಸಸ್ತನಿಗಳಲ್ಲಿ ಹುಟ್ಟುವ ಹೊತ್ತಿಗೆ ಮರಿಯ ಕಿವಿಮೂಳೆಗಳು ಇನ್ನೂ ದವಡೆಗೆ ಅಂಟಿಕೊಂಡೇ ಇದ್ದು, ಬೆಳೆಯುತ್ತ ಹೋದಂತೆ ಅದರಿಂದ ಬೇರ್ಪಡುತ್ತವೆ.

ಕಾರ್ಯಾನುರೂಪಿ ಅಂಗಗಳು ಮತ್ತು ಅಭಿಸರಣ

ಬೇರೆ ಬೇರೆ ವಂಶಗಳು ಒಂದೇ ಬಗೆಯ ಬದುಕಿಗೆ ಒಗ್ಗಿಕೊಂಡು ಹೊರನೋಟಕ್ಕೆ ಒಂದೇ ತೆರನಾಗುವುದಕ್ಕೆ ಅಭಿಸರಣ ವಿಕಾಸವೆನ್ನುತ್ತಾರೆ. ಶಾರ್ಕ್ ಮೀನು, ಅಳಿದುಹೋದ ಇಕ್ತಿಯೊಸಾರ್ ಎಂಬ ಸರೀಸೃಪ ಮತ್ತು ಡಾಲ್ಫಿನ್ ಈ ಮೂರೂ ನೀರನ್ನು ಸೀಳುವ ಕದಿರಿನಾಕಾರದ ದೇಹ ಪಡೆದಿವೆ. ಆದರೆ ಡಾಲ್ಫಿನ್ನಿನ ಅಸ್ಥಿಪಂಜರ ಸಸ್ತನಿಯದೇ.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಗಾಳಿಯಲ್ಲಿ ಸಾಗುವ ನಾಲ್ಕು ಬಗೆಯ ಕಶೇರುಕಗಳು ಒಂದೇ ನೆಲೆಯಲ್ಲಿ ಸಿಗುವುದರಿಂದ ಈ ವಿಷಯದ ಅಧ್ಯಯನಕ್ಕೆ ಅವು ಒಳ್ಳೆಯ ಉದಾಹರಣೆಗಳು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದ ಕನ್ನಡ ಓದುಗರಿಗೆ ಪರಿಚಿತವಾದ ಹಾರುವ ಓತಿ, ದೇಹದ ಎರಡು ಬದಿಗೂ ಚಾಚಿಕೊಂಡ ನೀಳ ಪಕ್ಕೆಲುಬುಗಳ ಮೇಲೆ ಚರ್ಮವನ್ನು ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಮಲೆನಾಡಿನಲ್ಲಿ ಹಾರುಬೆಕ್ಕು ಎಂದು ಕರೆಯುವ ಹಾರುವ ಅಳಿಲಿನಲ್ಲಿ ಮುಂಗಾಲು ಹಿಂಗಾಲುಗಳ ನಡುವಿನ ಚರ್ಮ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಮಣಿಕಟ್ಟಿನಿಂದ ಹೊರಟ ಮೃದ್ವಸ್ಥಿಯ ಕಡ್ಡಿಯೊಂದು ಆಧಾರ. ಮಲಬಾರ್ ಹಾರುಗಪ್ಪೆಯಲ್ಲಿ ಬೆರಳುಗಳ ನಡುವಿನ ಜಾಲಪಾದವೇ ಅಗಲವಾಗಿದೆ. ಬಾವಲಿಯ ರೆಕ್ಕೆ ನೀಳ ಬೆರಳುಗಳ ಮೇಲೆ ನಿಂತಿದ್ದು, ನಾಲ್ಕರಲ್ಲಿ ರೆಕ್ಕೆ ಬಡಿದು ನಿಜವಾಗಿ ಹಾರಬಲ್ಲದ್ದು ಅದೊಂದೇ. ಕೆಲಸ ಒಂದೇ ತೆರನಾದರೂ ಪ್ರತಿಯೊಂದು ವಂಶವೂ ತನ್ನ ದೇಹದಲ್ಲಿದ್ದ ಬೇರೊಂದು ಭಾಗವನ್ನು ಬಳಸಿಕೊಂಡಿದೆ.

ಕಣ್ಣಿನ ವಿಷಯದಲ್ಲೂ ಹೀಗೆಯೇ ಆಗಿದೆ. ಆಕ್ಟೋಪಸ್‌ನ ಕಣ್ಣಿಗೂ ಮನುಷ್ಯನ ಕಣ್ಣಿಗೂ ಮಸೂರ, ಪಾಪೆ, ಅಕ್ಷಿಪಟಲಗಳಿವೆ. ಆದರೆ ಮನುಷ್ಯನಲ್ಲಿ ನರತಂತುಗಳು ಅಕ್ಷಿಪಟಲದ ಮುಂಭಾಗದಲ್ಲಿ ಹರಡಿ, ಒಂದೆಡೆ ಪಟಲವನ್ನು ತೂರಿ ಹಿಂದಕ್ಕೆ ಹೋಗುವುದರಿಂದ ಅಲ್ಲಿ ಕುರುಡುಚುಕ್ಕೆ ಉಂಟಾಗುತ್ತದೆ. ಆಕ್ಟೋಪಸ್‌ನಲ್ಲಿ ನರತಂತುಗಳು ಹಿಂಭಾಗದಿಂದಲೇ ಹೊರಡುವುದರಿಂದ ಕುರುಡುಚುಕ್ಕೆಯಿಲ್ಲ.

ಸಸ್ಯಗಳಲ್ಲಿಯೂ ಅಂಗದ ಸ್ಥಾನವೇ ಅದರ ಮೂಲವನ್ನು ತಿಳಿಸುತ್ತದೆ. ಕಾಗದದ ಹೂವಿನ ಗಿಡದಲ್ಲಿ ಮುಳ್ಳು ಎಲೆಯ ಕಂಕುಳಲ್ಲಿ, ಅಂದರೆ ಕೊಂಬೆ ಹುಟ್ಟಬೇಕಾದ ಜಾಗದಲ್ಲಿ ಮೂಡುವುದರಿಂದ ಅದು ಮಾರ್ಪಟ್ಟ ಕಾಂಡ. ಪಾಪಸುಕಳ್ಳಿಯ ಮುಳ್ಳು ಮಾರ್ಪಟ್ಟ ಎಲೆ. ಬಟಾಣಿಯ ಬಳ್ಳಿಕುಡಿ ಎಲೆಯ ಭಾಗ, ದ್ರಾಕ್ಷಿಯದು ಕಾಂಡದ ಭಾಗ. ನೆಲದಡಿ ಬೆಳೆಯುವ ಆಲೂಗಡ್ಡೆಯ ಮೇಲಿನ ಕಣ್ಣುಗಳು ಮೊಗ್ಗುಗಳಾದ್ದರಿಂದ ಅದು ಕಾಂಡವೆಂದೂ, ಅಂಥ ಗೆಣ್ಣುಗಳಿಲ್ಲದ ಗೆಣಸು ಬೇರೆಂದೂ ಗುರುತಿಸುತ್ತಾರೆ.

ಅವಶೇಷಾಂಗಗಳು

ಪೂರ್ವಜರಲ್ಲಿ ಇದ್ದ ಮುಖ್ಯ ಕೆಲಸವನ್ನು ಕಳೆದುಕೊಂಡು ಕುಗ್ಗಿದ ಅಂಗಗಳಿಗೆ ಅವಶೇಷಾಂಗಗಳೆಂದು ಹೆಸರು. ಹೆಬ್ಬಾವಿನ ಬಾಲದ ಬುಡದಲ್ಲಿ ಎರಡು ಪುಟ್ಟ ಉಗುರುಗಳು ಹೊರಚಾಚಿರುತ್ತವೆ; ಅವುಗಳ ಒಳಗೆ ತೊಡೆಮೂಳೆಯ ಶೇಷವಿದೆ. ತಿಮಿಂಗಿಲದ ದೇಹದೊಳಗೆ ಬೆನ್ನುಮೂಳೆಗೆ ತಾಗದ ಸೊಂಟದ ಮೂಳೆಗಳಿವೆ. ಪಶ್ಚಿಮ ಘಟ್ಟಗಳಲ್ಲಿಯೂ ಇರುವ, ಎರೆಹುಳುವಿನಂತೆ ಮಣ್ಣಿನೊಳಗೆ ಬದುಕುವ ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯವಾಸಿಗಳ ಕಣ್ಣುಗಳು ಚರ್ಮದ ಅಡಿಯಲ್ಲಿ ಮುಚ್ಚಿಹೋಗಿವೆ. ಮನುಷ್ಯನಲ್ಲಿ ಬಾಲದ ಎಲುಬು, ಕಿವಿಯನ್ನು ಅಲುಗಿಸುವ ಸ್ನಾಯುಗಳು, ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿರುವ ಮೂರನೆಯ ರೆಪ್ಪೆಯ ಮಡಿಕೆ ಇವುಗಳನ್ನು ಈ ವರ್ಗಕ್ಕೆ ಸೇರಿಸುತ್ತಾರೆ.

ಅವಶೇಷಾಂಗವೆಂದರೆ ಯಾವ ಕೆಲಸಕ್ಕೂ ಬಾರದ ಅಂಗವೆಂಬ ತಿಳಿವಳಿಕೆ ಸರಿಯಲ್ಲ. ಜರ್ಮನಿಯ ರಾಬರ್ಟ್ ವೀಡರ್ಸ್‌ಹೈಮ್ 1893ರಲ್ಲಿ ಮನುಷ್ಯದೇಹದ 86 ಇಂಥ ಅಂಗಗಳನ್ನು ಪಟ್ಟಿಮಾಡಿದ್ದ. ಅವುಗಳಲ್ಲಿ ಹಲವಕ್ಕೆ ಕೆಲಸವಿದೆಯೆಂದು ಅನಂತರ ತಿಳಿದುಬಂದಿತು. ತಿಮಿಂಗಿಲದ ಸೊಂಟದ ಮೂಳೆಗಳು ಕೂಡ ಜನನಾಂಗದ ಸ್ನಾಯುಗಳಿಗೆ ಆಸರೆಯಾಗಿವೆ. ಒಂದು ಕೆಲಸ ಕಳೆದುಕೊಂಡ ಅಂಗ ಇನ್ನೊಂದಕ್ಕೆ ಒದಗಬಹುದೆಂದು ಡಾರ್ವಿನ್ನನೇ ಬರೆದಿದ್ದಾನೆ. ಕಾಲಿಲ್ಲದ ಪ್ರಾಣಿಯಲ್ಲಿ ಸ್ನಾಯುವಿಗೆ ಆಸರೆ ಬೇಕಾದರೆ ಅದು ಸೊಂಟದ ಮೂಳೆಯೇ ಆಗಬೇಕಾಗಿರಲಿಲ್ಲ ಎಂಬುದು ಇಲ್ಲಿನ ವಾದದ ತಿರುಳು.

ಭ್ರೂಣದ ಸಾಕ್ಷ್ಯ

ಬೆಳೆದ ಪ್ರಾಣಿಗಳಲ್ಲಿ ಮಸುಕಾದ ಹೋಲಿಕೆಗಳು ಭ್ರೂಣದಲ್ಲಿ ಸ್ಪಷ್ಟವಾಗಿರುತ್ತವೆ. ಒಂದು ಗುಂಪಿನ ಸಾಮಾನ್ಯ ಲಕ್ಷಣಗಳು ಭ್ರೂಣದಲ್ಲಿ ಮೊದಲು, ಪ್ರಭೇದದ ವಿಶೇಷ ಲಕ್ಷಣಗಳು ಅನಂತರ ಮೂಡುತ್ತವೆಂದು ಕಾರ್ಲ್ ಅರ್ನ್ಸ್ಟ್ ಫಾನ್ ಬೇಯರ್ 1828ರಲ್ಲಿ ನಿರೂಪಿಸಿದ. ಎಲ್ಲ ಕಶೇರುಕಗಳ ಭ್ರೂಣದ ಗಂಟಲಿನ ಭಾಗದಲ್ಲಿ ಸಾಲಾಗಿ ಕಮಾನುಗಳು ಮೂಡುತ್ತವೆ. ಮೀನಿನಲ್ಲಿ ಅವುಗಳಲ್ಲಿ ಹೆಚ್ಚಿನವು ಕಿವಿರಿನ ಆಧಾರಗಳಾದರೆ, ಮನುಷ್ಯನಲ್ಲಿ ದವಡೆ, ಕಿವಿಮೂಳೆ ಮತ್ತು ಧ್ವನಿಪೆಟ್ಟಿಗೆಯ ಮೃದ್ವಸ್ಥಿಗಳಾಗುತ್ತವೆ. ಡಾಲ್ಫಿನ್ನಿನ ಭ್ರೂಣದಲ್ಲಿ ಹಿಂಗಾಲಿನ ಮೊಳಕೆಗಳು ಕಾಣಿಸಿಕೊಂಡು ಕೆಲ ಕಾಲದಲ್ಲೇ ಕರಗುತ್ತವೆ. 2006ರಲ್ಲಿ ಜಪಾನಿನ ತೈಜಿಯಲ್ಲಿ ಸಿಕ್ಕಿದ ಒಂದು ಡಾಲ್ಫಿನ್ನಿನಲ್ಲಿ ಅವು ಉಳಿದು ಇನ್ನೊಂದು ಜೊತೆ ಈಜುರೆಕ್ಕೆಗಳಾಗಿದ್ದವು. ಭ್ರೂಣ ತನ್ನ ಪೂರ್ವಜರ ಬೆಳೆದ ರೂಪಗಳನ್ನೇ ಒಂದೊಂದಾಗಿ ಪುನರಾವರ್ತಿಸುತ್ತದೆಂದು ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಮಂಡಿಸಿದ ನಿಯಮ ಮಾತ್ರ ಇಂದು ಮಾನ್ಯವಲ್ಲ. ಅವನ ಭ್ರೂಣಚಿತ್ರಗಳು ಹೋಲಿಕೆಯನ್ನು ಅತಿಯಾಗಿ ತೋರಿಸಿವೆಯೆಂಬ ಟೀಕೆಯೂ ಇದೆ.

ಪಳೆಯುಳಿಕೆ ಮತ್ತು ವಂಶವಾಹಿಗಳ ಪರೀಕ್ಷೆ

ರಚನಾನುರೂಪತೆಗೆ ಪೂರ್ವಜನೇ ಕಾರಣವೆನ್ನುವುದು, ರಚನಾನುರೂಪತೆಯಿಂದಲೇ ಪೂರ್ವಜನನ್ನು ಊಹಿಸುವುದು ಸುತ್ತುವಾದವಲ್ಲವೇ ಎಂಬ ಆಕ್ಷೇಪಣೆ ಹಳೆಯದು. ಒಂದು ಅಂಗದಿಂದ ಮಾಡಿದ ಊಹೆಯನ್ನು ಅದರ ಹಂಗಿಲ್ಲದ ಬೇರೆ ಸಾಕ್ಷ್ಯಗಳಿಂದ ಪರೀಕ್ಷಿಸುವುದು ಇದಕ್ಕೆ ಪರಿಹಾರ. ಜರ್ಮನಿಯ ವಿಲ್ಲಿ ಹೆನಿಗ್ 1950ರಲ್ಲಿ, ಹಳೆಯ ಪೂರ್ವಜರಿಂದ ಎಲ್ಲರಿಗೂ ಬಂದ ಲಕ್ಷಣಗಳನ್ನು ಬದಿಗಿಟ್ಟು, ಒಂದು ಗುಂಪಿನಲ್ಲಿ ಹೊಸದಾಗಿ ಮೂಡಿ ಹಂಚಿಹೋದ ಲಕ್ಷಣಗಳನ್ನು ಮಾತ್ರ ಆ ಗುಂಪಿನ ಸಂಬಂಧಕ್ಕೆ ಆಧಾರವಾಗಿ ಬಳಸಬೇಕೆಂಬ ಕ್ರಮವನ್ನು ರೂಪಿಸಿದ.

ಇಂಥ ಪರೀಕ್ಷೆಗೆ ತಿಮಿಂಗಿಲಗಳ ಮೂಲದ ಚರ್ಚೆ ಉತ್ತಮ ನಿದರ್ಶನ. ಹಲ್ಲುಗಳ ಹೋಲಿಕೆಯನ್ನು ನಂಬಿ, ತಿಮಿಂಗಿಲಗಳು ಮೆಸೊನಿಕಿಡ್‌ಗಳೆಂಬ ಅಳಿದುಹೋದ ಮಾಂಸಾಹಾರಿಗಳಿಂದ ಬಂದವೆಂದು ಪಳೆಯುಳಿಕೆ ತಜ್ಞರು ಬಹುಕಾಲ ಭಾವಿಸಿದ್ದರು. 1990ರ ದಶಕದಲ್ಲಿ ಡಿ.ಎನ್.ಎ. ಹೋಲಿಕೆಯು ತಿಮಿಂಗಿಲಕ್ಕೆ ಜೀವಂತ ಪ್ರಾಣಿಗಳಲ್ಲಿ ಅತಿ ಹತ್ತಿರದ್ದು ನೀರುಕುದುರೆ ಎಂದು ತೋರಿಸಿತು. ಅದು ನಿಜವಾದರೆ, ಕಾಲಿದ್ದ ಪ್ರಾಚೀನ ತಿಮಿಂಗಿಲಗಳಲ್ಲಿ ದನ, ಜಿಂಕೆ, ಹಂದಿಗಳಂಥ ಸಮಸಂಖ್ಯೆಯ ಗೊರಸಿನವಕ್ಕೆ ವಿಶಿಷ್ಟವಾದ ಹಿಮ್ಮಡಿ ಕೀಲಿನ ಮೂಳೆ, ಅಂದರೆ ಎರಡು ತುದಿಯಲ್ಲೂ ರಾಟೆಯಾಕಾರವಿರುವ ಅಸ್ಟ್ರಾಗಲಸ್ ಇರಲೇಬೇಕಾಗಿತ್ತು. 2001ರಲ್ಲಿ ಪಾಕಿಸ್ತಾನದ ಪಳೆಯುಳಿಕೆಗಳಲ್ಲಿ ಅಂಥದೇ ಮೂಳೆ ಕಂಡುಬಂದುದು ವರದಿಯಾಯಿತು. ಜಮ್ಮು-ಕಾಶ್ಮೀರದ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿದ್ದ ಕಲ್ಲುಗಳಲ್ಲಿನ ಇಂಡೊಹ್ಯೂಸ್ ಎಂಬ ಸುಮಾರು 4.8 ಕೋಟಿ ವರ್ಷ ಹಿಂದಿನ ಪುಟ್ಟ ಗೊರಸಿನ ಪ್ರಾಣಿಯನ್ನು ಹಾನ್ಸ್ ಥೀವಿಸನ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ವಿವರವಾಗಿ ವರ್ಣಿಸಿ, ಅದರ ಕಿವಿಯ ಮೂಳೆಯ ಒಳಗೋಡೆ ತಿಮಿಂಗಿಲಗಳಲ್ಲಿ ಇರುವಂತೆಯೇ ದಪ್ಪವಾಗಿದೆಯೆಂದು ತೋರಿಸಿದರು. ಹಲ್ಲಿನ ಹೋಲಿಕೆ ಅಭಿಸರಣದ್ದು, ಹಿಮ್ಮಡಿಯದು ವಂಶದ್ದು ಎಂದು ತೀರ್ಮಾನವಾಯಿತು.

ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ನೀಲ್ ಶೂಬಿನ್ ಮತ್ತು ಸಂಗಡಿಗರು 2004ರಲ್ಲಿ ಕಂಡುಹಿಡಿದ ಟಿಕ್ಟಾಲಿಕ್ ಎಂಬ ಸುಮಾರು 37.5 ಕೋಟಿ ವರ್ಷ ಹಿಂದಿನ ಮೀನಿನ ಈಜುರೆಕ್ಕೆಯೊಳಗೆ ಹ್ಯೂಮರಸ್, ರೇಡಿಯಸ್, ಅಲ್ನಾ ಮತ್ತು ಮಣಿಕಟ್ಟಿನಂಥ ಮೂಳೆಗಳಿದ್ದವು. ಮೀನಿಗೂ ನಾಲ್ಕು ಕಾಲಿನವಕ್ಕೂ ನಡುವಣ ರೂಪ ಯಾವ ಕಾಲದ ಶಿಲೆಯಲ್ಲಿ ಇರಬೇಕೆಂದು ಲೆಕ್ಕಹಾಕಿ ಹುಡುಕಿದ್ದರ ಫಲವಿದು. ಅದಕ್ಕಿಂತ ಸ್ವಲ್ಪ ಈಚಿನ ಅಕಾಂತೊಸ್ಟೆಗಾ ಎಂಬ ನಾಲ್ಕು ಕಾಲಿನ ಪ್ರಾಣಿಯ ಮುಂಗಾಲಿನಲ್ಲಿ ಎಂಟು ಬೆರಳುಗಳಿದ್ದು, ಐದೆಂಬ ಸಂಖ್ಯೆ ಅನಂತರ ಸ್ಥಿರವಾದುದೆಂದು ಇದರಿಂದ ತಿಳಿಯುತ್ತದೆ.

ವಂಶವಾಹಿಗಳ ಅಧ್ಯಯನ ಈ ಚಿತ್ರವನ್ನು ದೃಢಪಡಿಸಿರುವಂತೆ ತೊಡಕುಗೊಳಿಸಿಯೂ ಇದೆ. ದೇಹದ ಭಾಗಗಳ ಸ್ಥಾನವನ್ನು ನಿರ್ದೇಶಿಸುವ ಹಾಕ್ಸ್ ವಂಶವಾಹಿಗಳು ನೊಣದಲ್ಲೂ ಇಲಿಯಲ್ಲೂ ಒಂದೇ ಕುಟುಂಬದವು. ಸ್ವಿಟ್ಜರ್ಲೆಂಡಿನ ವಾಲ್ಟರ್ ಗೇರಿಂಗ್‌ನ ತಂಡ 1995ರಲ್ಲಿ ಕಣ್ಣಿನ ಬೆಳವಣಿಗೆಗೆ ಕಾರಣವಾದ ಇಲಿಯ ವಂಶವಾಹಿಯನ್ನು ಹಣ್ಣುನೊಣದ ಬೇರೆ ಅಂಗಗಳಲ್ಲಿ ಚಾಲನೆಗೊಳಿಸಿದಾಗ, ಅಲ್ಲಿ ನೊಣದ ಸಂಯುಕ್ತ ಕಣ್ಣುಗಳೇ ಮೂಡಿದವು. ಹೀಗೆ ಸ್ವತಂತ್ರವಾಗಿ ರೂಪುಗೊಂಡ ಅಂಗಗಳ ಹಿಂದೆಯೂ ಪ್ರಾಚೀನ ಪೂರ್ವಜನಿಂದ ಬಂದ ಒಂದೇ ವಂಶವಾಹಿ ಇರಬಹುದಾದ್ದರಿಂದ, ರಚನಾನುರೂಪತೆಯನ್ನು ಹೇಳುವಾಗ ಅಂಗದ ಮಟ್ಟದ್ದೋ ವಂಶವಾಹಿಯ ಮಟ್ಟದ್ದೋ ಎಂದು ಸೂಚಿಸುವುದು ಅಗತ್ಯವಾಗಿದೆ.

ಇಂದಿನ ಸ್ಥಾನ

ಜೀವಂತ ಪ್ರಭೇದಗಳ ವಂಶವೃಕ್ಷವನ್ನು ಈಗ ಬಹುಮಟ್ಟಿಗೆ ಡಿ.ಎನ್.ಎ. ಆಧಾರದಿಂದ ರಚಿಸುತ್ತಾರೆ. ಆದರೆ ಸತ್ತ ಜೀವಿಯ ಡಿ.ಎನ್.ಎ. ಬೇಗ ಶಿಥಿಲವಾಗುತ್ತದೆ, 2022ರಲ್ಲಿ ಪ್ರಕಟವಾದ, ಗ್ರೀನ್‌ಲ್ಯಾಂಡಿನ ಮಣ್ಣಿನಿಂದ ಪಡೆದ ಅತಿ ಹಳೆಯ ಮಾದರಿಯ ವಯಸ್ಸೂ ಸುಮಾರು 20 ಲಕ್ಷ ವರ್ಷ ಮಾತ್ರ. ಅದರಾಚೆಗಿನ ಹತ್ತಾರು ಕೋಟಿ ವರ್ಷಗಳಲ್ಲಿ ಬದುಕಿ ಅಳಿದ ಜೀವಿಗಳನ್ನು ವಂಶವೃಕ್ಷದಲ್ಲಿ ಎಲ್ಲಿ ಕೂರಿಸಬೇಕೆಂಬುದನ್ನು ಮುಖ್ಯವಾಗಿ ಮೂಳೆ, ಹಲ್ಲು, ಚಿಪ್ಪುಗಳ ರಚನೆಯನ್ನು ಹೋಲಿಸಿಯೇ ನಿರ್ಧರಿಸಬೇಕಾಗಿದೆ. ಕ್ಷಕಿರಣ ಸ್ಕ್ಯಾನಿಂಗ್‌ನಿಂದ ಕಲ್ಲನ್ನು ಒಡೆಯದೆ ಒಳರಚನೆಯನ್ನು ನೋಡುವ ಸೌಲಭ್ಯ ದೊರೆತ ಮೇಲೆ, ಹಿಂದೆ ಕಾಣದಿದ್ದ ಕಿವಿಗೂಡು, ನರಗಳ ಹಾದಿ, ಮಿದುಳಿನ ಅಚ್ಚುಗಳನ್ನೂ ಹೋಲಿಕೆಗೆ ತೆಗೆದುಕೊಳ್ಳಲಾಗುತ್ತಿದೆ.